ಮರಿಲಿಂಗನ ಕೆಂಪು ಚೌಕ

ನಗಬೇಡಿ ಅಂದರೆ ನೀವೆಲ್ಲಿ ಕೇಳುತ್ತೀರಿ! ನಕ್ಕುಬಿಡಿ. ಆದರೆ ಮರಿಲಿಂಗನನ್ನು ಬಯ್ಯಬೇಡಿ. ಬಯ್ಯುವುದಕ್ಕೆ ಅವನಮ್ಮ ಚೆನ್ನಾಜಮ್ಮ ಇದ್ದಳು, ಅಷ್ಟು ಸಾಕು.

ನಮ್ಮ ಪೇಟೆಬೀದಿಯಲ್ಲಿ ಫೋಟೋ ಶಾಂತಪ್ಪ ಅಂತ ಒಬ್ಬನಿದ್ದ. ಅವನು ತೀರಿಕೊಂಡ ಮೇಲೆ ಉಳಿದದ್ದು ಹೆಂಡತಿ ಚೆನ್ನಾಜಮ್ಮ, ಅಗ್ಗದ ಒಂದು ಡಿಜಿಟಲ್ ಕ್ಯಾಮೆರಾ, ಮತ್ತೆ ಮೀಸೆ ಬಂದ ಈ ಮಗ. ಮನಸ್ಸು ಬೆಣ್ಣೆಯಂಥದು. ತಲೆ? ಅದರ ಮಾತು ಬಿಡಿ. ಬಾಗಿಲು ನೋಡಿಕೋ ಅಂದರೆ ಸಂಜೆಯವರೆಗೂ ಬಾಗಿಲನ್ನೇ ನೋಡುತ್ತ ಕೂರುವವನು.

“ಶಿವನೇ, ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನಪ್ಪಾ?” ಅಂತ ಚೆನ್ನಾಜಮ್ಮ ಹಲುಬಿದರೆ ಇವನು ಹೇಳುತ್ತಿದ್ದ: “ಕಣ್ಣು ಮುಚ್ಚಬೇಡಮ್ಮ, ಫೋಟೋ ಕೆಡುತ್ತೆ!”

ಅಪ್ಪನ ಕಸುಬಾದರೂ ಕೈಹಿಡಿಯಲಿ ಅಂತ ಅವಳು ಮಗನ ಕೊರಳಿಗೆ ಕ್ಯಾಮೆರಾ ಹಾಕಿ ಒಂದು ನಾಮಕರಣಕ್ಕೆ ಕಳಿಸಿದಳು.

ಈ ಕ್ಯಾಮೆರಾದ ಒಂದು ಚೇಷ್ಟೆ ಹೇಳಬೇಕು. ಕಣ್ಣಿಗೆ ಹಿಡಿದರೆ ಒಳಗೊಂದು ಪುಟ್ಟ ಕೆಂಪು ಚೌಕ ಕಾಣುತ್ತದೆ. ಅದು ಎಲ್ಲಿ ಕೂರುತ್ತದೋ ಅಲ್ಲಿ ಫೋಟೋ ಸ್ಪಷ್ಟ, ಮಿಕ್ಕಿದ್ದೆಲ್ಲ ಮಬ್ಬು. ಕ್ಯಾಮೆರಾದ ಬೆನ್ನಿಗಿರುವ ಗುಂಡಿಗೆ ಏನಾದರೂ ತಾಗಿತೋ, ಚೌಕ ಸರಿದೇಬಿಟ್ಟಿತು. ಮರಿಲಿಂಗನ ಮೂಗೋ, ಮಾರುದ್ದ. ತಾಗದೆ ಇದ್ದೀತೇ? ಫೋಟೋ ಬಂದಾಗ ಮಗು ಮಬ್ಬು, ತೊಟ್ಟಿಲ ಹಗ್ಗ ಮಾತ್ರ ಎಳೆ ಎಳೆಯಾಗಿ ಸ್ಪಷ್ಟ!

“ಅಯ್ಯೋ ಪೆದ್ದೇ!” ಅಂದಳು ತಾಯಿ. “ಮೂಗು ತೂರಿಸಿ ಗುಂಡಿ ಒತ್ತಿದ್ದೀಯ! ಕೆಂಪು ಚೌಕ ಮುಖದ ಮೇಲಿರಬೇಕು ಕಣೋ, ಮುಖದ ಮೇಲೆ!”

“ಆಗಲಮ್ಮ! ಮುಖದ ಮೇಲೆ!”

ಮುಂದಿನ ವಾರ ಹೆಡ್‌ಮಾಸ್ತರ ಬೀಳ್ಕೊಡುಗೆ. ಮರಿಲಿಂಗ ಮೂಗನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡೇ ಹೋದ. ಹೋದವನು ಜೇಬಿಂದ ಕುಂಕುಮದ ಭರಣಿ ತೆಗೆದು, ಹೆಡ್‌ಮಾಸ್ತರ ಹಣೆಯಿಂದ ಗಲ್ಲದವರೆಗೆ ಒಂದು ಚೌಕ ಬರೆದೇಬಿಟ್ಟ!

“ಏನೋ ಇದು!” ಅಂತ ಹೆಡ್‌ಮಾಸ್ತರು ಕೂಗಿದರು.

“ಅಲ್ಲಾಡಬೇಡಿ ಸಾರ್, ಚೌಕ ಅಳಿಸಿಹೋಗುತ್ತೆ!”

ಇಷ್ಟು ಮಾಡಿಯೂ ಫೋಟೋ ಬಂತೇ? ಇಲ್ಲ. ಈ ಸಲ ಹೆಬ್ಬೆರಳು ತಾಗಿತ್ತು. ಹೆಡ್‌ಮಾಸ್ತರು ಮಬ್ಬು, ಪಕ್ಕದ ಹೂಕುಂಡ ಸ್ಪಷ್ಟ.

ಚೆನ್ನಾಜಮ್ಮ ತಲೆ ಚಚ್ಚಿಕೊಂಡಳು. “ಚೌಕ ಕ್ಯಾಮೆರಾ ಒಳಗಿರೋದು ಕಣೋ! ಹೆಬ್ಬೆರಳು ಕಟ್ಟಿ ಹಾಕು! ಮುಂದಿನ ವಾರ ಒಪ್ಪಿಕೊಂಡಿರೋ ಮದುವೆಗೆ ನಾನೇ ಬರ್ತೀನಿ, ಮೂಲೇಲಿ ನಿಂತಿರ್ತೀನಿ. ಏನೂ ತೋಚದಿದ್ರೆ ನನ್ನ ಕಡೆ ನೋಡು.”

“ಆಗಲಮ್ಮ! ನಿನ್ನ ಕಡೆ!”

ಮದುವೆ ದಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದ. ಆ ಗಂಟೇ ಗುಂಡಿ ಒತ್ತಿತು, ಚೌಕ ಹೋಗಿ ಮೂಲೆಯಲ್ಲಿ ಕೂತಿತು. ತೋಚಲಿಲ್ಲ. ತೋಚದಿದ್ದರೆ ಯಾರ ಕಡೆ ನೋಡಬೇಕು? ಅಮ್ಮನ ಕಡೆ, ಕ್ಯಾಮೆರಾ ಸಮೇತ! ಧಾರೆಗೂ ತೋಚಲಿಲ್ಲ, ತಾಳಿಗೂ ತೋಚಲಿಲ್ಲ.

ಮಾರನೆಯ ದಿನ ಹುಡುಗಿಯ ಅಪ್ಪ ಫೋಟೋಗಳನ್ನು ತಂದು ಮನೆಬಾಗಿಲಲ್ಲಿ ಎಸೆದ. “ನನ್ನ ಮಗಳ ಮದುವೆನೋ, ನಿಮ್ಮಮ್ಮನ ಮದುವೆನೋ? ಇನ್ನು ಈ ಊರಲ್ಲಿ ನಿನ್ನನ್ನ ಯಾರು ಕರೀತಾರೆ ನೋಡ್ತೀನಿ!”

ಮಗನಿಗೆ ಇದ್ದ ಒಂದು ದಾರಿಯೂ ಮುಚ್ಚಿತು. ಬಯ್ಯಬೇಕೆಂದು ಚೆನ್ನಾಜಮ್ಮ ಫೋಟೋಗಳನ್ನು ಎತ್ತಿಕೊಂಡು ಒಂದೊಂದಾಗಿ ನೋಡಿದಳು. ಮದುಮಕ್ಕಳು ಮಬ್ಬು. ಮೂಲೆಯಲ್ಲಿ ಅವಳು! ಹುಬ್ಬು ಹಾರಿಸುವ ಅವಳು, ಕೈಸನ್ನೆ ಮಾಡುವ ಅವಳು, ಸೆರಗಿನಲ್ಲಿ ಬಾಯಿ ಮುಚ್ಚಿ ನಗುವ ಅವಳು. ಫೋಟೋದವನ ಹೆಂಡತಿ ಫೋಟೋಗೆ ಬೆಳಕು ಬೀಳಲಿ ಅಂತ ಜೀವನಪೂರ್ತಿ ದೀಪ ಹಿಡಿದುಕೊಂಡು ನಿಂತವಳು, ಅವಳದೇ ಅಂತ ಒಂದು ಫೋಟೋ ಮನೆಯಲ್ಲಿರಲಿಲ್ಲ. ಗೊಳೋ ಅಂತ ಅತ್ತಳು.

“ನಗೋದು ಒಂದನ್ನ ಕಟ್ಟು ಹಾಕಿಸೋ,” ಅಂದಳು. “ಗೋಡೇಲಿ ಅಪ್ಪನ ಪಕ್ಕ ತೂಗುಹಾಕು. ಅವರಿಗೆ ಮಾಡಿರೋ ಹಾಗೇ ನಂಗೂ ಚೆಂದ ಮಾಡು.”

“ಆಗಲಮ್ಮ! ಅಪ್ಪನ ಹಾಗೇ!”

ಅವಳು ಸಂತೆಗೆ ಹೋಗಿ ಬರುವಷ್ಟರಲ್ಲಿ ಮನೆ ಮುಂದೆ ಜನ! ಪಕ್ಕದ ಮನೆ ಗಂಗವ್ವ ಎದೆ ಬಡಿದುಕೊಂಡು ಅಳುತ್ತಿದ್ದಾಳೆ. ಒಳಗೆ ಗೋಡೆಯಲ್ಲಿ, ಹಾರ ಹಾಕಿದ ಶಾಂತಪ್ಪನ ಫೋಟೋ ಪಕ್ಕ ಚೆನ್ನಾಜಮ್ಮನ ಫೋಟೋ, ಅದಕ್ಕೂ ಒಂದು ಹೂವಿನ ಹಾರ, ಮುಂದೆ ದೀಪ, ಊದುಬತ್ತಿ.

“ಬದುಕಿದ್ದೀನಿ ಕಣ್ರೇ!” ಅಂತ ಚೆನ್ನಾಜಮ್ಮ ಕಿರುಚಿದಳು. “ಮರೀ! ಹಾರ ಹಾಕೋದು ಸತ್ತವರಿಗೆ ಕಣೋ!”

ಮರಿಲಿಂಗ ಓಡಿಹೋಗಿ ಹಾರ ಕಿತ್ತ, ಅಮ್ಮನನ್ನು ಮುಟ್ಟಿ ಮುಟ್ಟಿ ನೋಡಿದ.

ಗಂಗವ್ವ ಕಣ್ಣೊರೆಸಿಕೊಂಡು ಗೋಡೆಯನ್ನೇ ನೋಡುತ್ತಿದ್ದಳು. “ಎಷ್ಟು ಕಳೆಯಾಗಿ ತೆಗ್ದಿದ್ದೀಯೋ ಮರೀ! ನಮ್ಮತ್ತೇದೂ ಒಂದು ಹಿಂಗೇ ತೆಗೀ. ಹಾರ ಮಾತ್ರ ಬೇಡ.” “ನಮ್ಮವ್ವಂದೂ!” ಅಂತು ಇನ್ನೊಂದು ದನಿ. “ನಮ್ಮಜ್ಜೀದೂ!” ಚೆನ್ನಾಜಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು. ಮಗನಿಗೆ ಒಂದು ದಾರಿ ಸಿಕ್ಕಿತ್ತು.

ಜನ ಹೋದರು. ಅಡುಗೆಯಾಯಿತು. ಚೆನ್ನಾಜಮ್ಮ ಎರಡು ತಟ್ಟೆ ಇಟ್ಟಳು.

“ಇನ್ನೊಂದು ಇಡಮ್ಮ,” ಅಂದ ಮರಿಲಿಂಗ, ಹೊಸಿಲ ಮೇಲೆ ಕೂತು ಬೀದಿ ನೋಡುತ್ತ.

“ಯಾರಿಗೋ?”

“ಅಪ್ಪಂಗೆ. ಅವರ ಹಾರಾನೂ ತೆಗೆದುಬಿಟ್ಟೆ. ಬರ್ತಾರೆ.”

ಈ ಸಲ ಅವಳು ಬಯ್ಯಲಿಲ್ಲ, ಬುದ್ಧಿ ಹೇಳಲಿಲ್ಲ. ಮೂರನೆಯ ತಟ್ಟೆ ಇಟ್ಟು, ಮಗನ ಪಕ್ಕ ಕೂತು, ಕಣ್ಣು ಒತ್ತಿ ಮುಚ್ಚಿಕೊಂಡಳು.

“ಕಣ್ಣು ಮುಚ್ಚಬೇಡಮ್ಮ,” ಅಂದ ಮರಿಲಿಂಗ. “ಅಪ್ಪ ಬರೋದು ಕಾಣಲ್ಲ.”