ಚೌರಿ ಬಾರ್ಲಿ ಬಸಿದದ್ದು

ಬನ್ರಪ್ಪ, ಕೂತ್ಕೊಳ್ಳಿ. ಚೌರಿ ಅಂತ ಒಬ್ಬ ಇದ್ದ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಳ್ಳೇದಲ್ವಾ ಅಂತೀರಾ? ಅವನ ಅವ್ವ ಜಪಮಾಲಮ್ಮನ್ನ ಕೇಳಿ ನೋಡಿ! ಗಂಡ ಸತ್ತ ಹೆಂಗಸು, ಇರೋನು ಒಬ್ಬನೇ ಮಗ, ಅವನಿಗೆ ಮೂವತ್ತು ದಾಟಿತ್ತು, ಹೆಣ್ಣು ಸಿಕ್ಕಿರಲಿಲ್ಲ. ಯಾರು ಕೊಡ್ತಾರೆ?

ಕೊನೆಗೆ ಅವಳ ಅಣ್ಣ ಇನ್ನಾಸಪ್ಪ ಮನಸ್ಸು ಮಾಡಿದ. ಬಿಯರು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಬಾರ್ಲಿ ಬೇಯಿಸಿದ ಆಸಾಮಿ ಅವನು.

"ತಂಗೀ, ಮನೇಲಿ ಬಿಯರು ಇಳಿಸೋದು ಮಹಾ ವಿದ್ಯೆ ಅಲ್ಲ. ದೊಡ್ಡ ಪಾತ್ರೆ, ಅದರೊಳಗೆ ಬಟ್ಟೆ ಚೀಲ, ಚೀಲದೊಳಗೆ ಮೊಳಕೆ ಬಾರ್ಲಿ ನುಚ್ಚು, ಬಿಸಿನೀರು. ಚೀಲ ಎತ್ತಿದ್ರೆ ಪಾತ್ರೇಲಿ ಸಿಹಿನೀರು ಉಳೀತದೆ. ಅದನ್ನ ಕುದಿಸಿ, ಆರಿಸಿ, ಡ್ರಮ್ಮಿಗೆ ಹಾಕಿ, ಹುದುಗು ಬಿಟ್ರೆ ಆಯ್ತು. ಭಾನುವಾರ ಬರ್ತೀನಿ. ನಿನ್ನ ಮಗ ಒಬ್ಬನೇ ನಿಂತು ಆ ಸಿಹಿನೀರು ಇಳಿಸಿ ಒಂದು ಲೋಟ ಕೊಡ್ಲಿ, ನನ್ನ ಮಗಳು ರೆಜೀನಾನ ಕೊಡ್ತೀನಿ. ಇಲ್ದಿದ್ರೆ ಇಲ್ಲ!" ಅಂದ. ಬಾರ್ಲಿ ಮೂಟೆ ಇಳಿಸಿ ಹೋದ.

ಜಪಮಾಲಮ್ಮ ಮಗನ್ನ ಕರೆದಳು. "ಲೋ ಚೌರಿ, ಚರ್ಚಿನ ಹಬ್ಬದಡುಗೆ ಪಾತ್ರೆ ಈಸ್ಕೊಂಡು ಬಾ. ಇರೋದ್ರಲ್ಲಿ ದೊಡ್ಡದು ತಾ!"

ತಂದ. ಇರೋದರಲ್ಲಿ ದೊಡ್ಡದೇ. ತಳದಲ್ಲಿ ರೂಪಾಯಿ ಅಗಲ ತೂತು!

"ಥೂ ನಿನ್ನ! ನೀರು ಹುಯ್ದು ನೋಡಿ ತರಬಾರದೇನ್ಲಾ? ಒಂದು ಹನಿ ಸೋರಿದ್ರೂ ಮುಟ್ಟಬೇಡ!"

"ಆಗ್ಲಿ ಅವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಪಾತ್ರೆ ಬದಲಾಯಿಸಿಕೊಂಡು ಬಂದಾಯ್ತು. ಆಮೇಲೆ ದರ್ಜಿ ಹತ್ತಿರ ಚೀಲ ತರೋಕೆ ಹೋದ. ತೆಳ್ಳನೆ ಬಟ್ಟೆ ಚೀಲ, ಅಂದವಾಗಿ ಹೊಲಿದಿಟ್ಟಿದ್ದ ಪಾಪ. ಚೌರಿ ಅದಕ್ಕೊಂದು ಕೊಡ ನೀರು ಹುಯ್ದ. ಜರ್ ಅಂತ ಎಲ್ಲಾ ಕಡೆ ಸೋರಿತು, ಹೊಲಿಗೆ ಮಿಷನ್ನೆಲ್ಲಾ ಒದ್ದೆ! "ತೂತಿನ ಮಾಲು ಕೊಡ್ತೀಯಾ?" ಅಂತ ದರ್ಜಿಗೆ ಬೈದು, ಟಾರ್ಪಾಲು ಚೀಲ ಹೊಲಿಸಿಕೊಂಡು ಬಂದ.

"ಒಂದು ಹನಿ ಸೋರಲ್ಲ ಅವ್ವ!"

"ಮಾತೆ ಮರಿಯಮ್ಮಾ! ಚೀಲ ಸೋರಬೇಕು ಕಣ್ಲಾ! ಸುತ್ತಲೂ ಸೋರಬೇಕು! ಸೋರದಿದ್ರೆ ಅದು ಕೆಲಸಕ್ಕೆ ಬರಲ್ಲ!"

"ಆಗ್ಲಿ ಅವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಆಮೇಲೆ ಡ್ರಮ್ಮು. ಹೊಸ ಡ್ರಮ್ಮು, ಗಟ್ಟಿ ಮುಚ್ಚಳ. ತಂದೋನು ನೀರು ತುಂಬಿ ನೋಡಿದ. ಸೋರಲಿಲ್ಲ. ಮೊಳೆ ಕಾಯಿಸಿದ, ಸುತ್ತಲೂ ಚುಚ್ಚಿದ. ನನಗೇ ರೇಗ್ತದೆ ಹೇಳೋಕೆ, ಹೆತ್ತವಳಿಗೆ ಹೆಂಗಾಗಿರಬೇಡ!

"ಅಯ್ಯೋ ಮುಠ್ಠಾಳ! ಚೀಲದಿಂದ ಬಸಿದ ನೀರನ್ನ ಇದರಲ್ಲಿ ತುಂಬಬೇಕು ಕಣ್ಲಾ! ಬೇಕಾಗಿರೋದೇ ಆ ನೀರು! ಬಸಿದ ಮೇಲೆ ಕೆಳಗಿನ ನೀರು ಮನುಷ್ಯರಿಗೆ, ಮೇಲೆ ಉಳಿದ ಚರಟ ಎಮ್ಮೆಗೆ!"

"ಆಗ್ಲಿ ಅವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಇನ್ನೊಂದು ಡ್ರಮ್ಮು ತಂದು ಅವಳೇ ಮಂಚದ ಕೆಳಗೆ ಬಚ್ಚಿಟ್ಟಳು. ತೊಲೆಗೆ ಹಗ್ಗ ಕಟ್ಟಿ, ಪಾತ್ರೆ ಒಲೆಗೇರಿಸಿ, ದರ್ಜಿ ಹತ್ರ ಬಿಟ್ಟುಬಂದಿದ್ದ ಬಟ್ಟೆ ಚೀಲನೇ ತರಿಸಿ ಇಳಿಬಿಟ್ಟು, ಎಲ್ಲಾ ಅಣಿ ಮಾಡಿದಳು.

ಭಾನುವಾರ ಬಂತು. ಅಣ್ಣನಿಗೆ ಊಟಕ್ಕಿರಲಿ ಅಂತ ಎರಡು ಸೇರು ಸಣ್ಣಕ್ಕಿ ಬೇಯಿಸಿದ್ದಳು. "ಚೌರಿ, ಅನ್ನ ಬಸಿದಿಡು, ಪೂಜೆ ಮುಗಿಸಿ ಬರ್ತೀನಿ" ಅಂತ ಚರ್ಚಿಗೆ ಹೋದಳು. ಬಂದು ನೋಡಿದರೆ ತಟ್ಟೆ ತುಂಬ ಗಂಜಿ! ಎಮ್ಮೆ ಬಾನಿ ತುಂಬ ಅನ್ನ!

"ನೀನು ಹೇಳಿದ ಹಂಗೇ ಬಸಿದೆ ಅವ್ವ."

"ನನ್ನ ಹೊಟ್ಟೇಲಿ ಯಾಕ್ಲಾ ಹುಟ್ಟಿದೆ! ಬಸಿದ ಮೇಲೆ ಕೆಳಗಿನ ನೀರು ಎಮ್ಮೆಗೆ, ಮೇಲೆ ಉಳಿದದ್ದು ಮನುಷ್ಯರ ತಟ್ಟೆಗೆ! ತಲೇಲಿ ಇಟ್ಕೊ!"

"ಆಗ್ಲಿ ಅವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಅಷ್ಟೊತ್ತಿಗೆ ಇನ್ನಾಸಪ್ಪ ಬಂದೇಬಿಟ್ಟ. ಪಾತ್ರೆ ನೋಡಿದ, ಚೀಲ ಮುಟ್ಟಿದ, ಹಗ್ಗ ಎಳೆದ. "ಪರವಾಗಿಲ್ವೇ! ಸರಿಯಾಗೇ ಹೂಡಿದ್ದಾನೆ" ಅಂದ. ಜಪಮಾಲಮ್ಮನ ಮುಖ ಅರಳಿತು. "ತಂಗೀ, ನೀನು ಒಳಗೆ ಇಣುಕಬಾರದು. ಜಗಲಿ ಮೇಲೆ ನನ್ನ ಜೊತೆ ಕೂತಿರು" ಅಂತ ಅವಳನ್ನ ಹೊರಗೆ ಕೂರಿಸಿಕೊಂಡ.

ಒಳಗೆ ಚೌರಿ ಬಾರ್ಲಿ ಸುರಿದ, ನೆನೆಸಿದ, ಹದವಾಗಿ ಬಿಸಿ ಹಿಡಿದ. ಚೀಲ ಎತ್ತಿ ಹಿಂಡಿ ಹಿಂಡಿ ಬಸಿದ. ಘಮಘಮ ವಾಸನೆ ಜಗಲಿವರೆಗೂ ಬಂತು. ಇನ್ನಾಸಪ್ಪ ಮೀಸೆ ತಿರುವಿದ. "ಹುಡುಗ ಕೆಲಸ ಕಲಿತ ಕಣಮ್ಮ! ರೆಜೀನಾಗೆ ಹೇಳಿಬಿಡ್ತೀನಿ." ಜಪಮಾಲಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಆಗ ಬಂದ ನೋಡಿ ಚೌರಿ! ಕೈಯಲ್ಲಿ ತಟ್ಟೆ. ತಟ್ಟೆ ತುಂಬ ಹಿಂಡಿದ ಬಾರ್ಲಿ ಚರಟ.

"ಊಟ ಮಾಡಿ ಮಾವ!"

"ಸಿಹಿನೀರೆಲ್ಲೋ?"

"ಎಮ್ಮೆಗೆ ಕೊಟ್ಟೆ ಮಾವ. ಸುಡ್ತಿತ್ತು, ಆರಿಸಿ ಆರಿಸಿ ಕುಡಿಸಿದೆ!"

ಜಪಮಾಲಮ್ಮ ತಲೆ ಮೇಲೆ ಕೈಹೊತ್ತು ಕೂತಳು. ಇನ್ನಾಸಪ್ಪ ಎದ್ದ, ಚಪ್ಪಲಿ ಮೆಟ್ಟಿದ.

"ನನಗೆ ರುಚಿ ನೋಡೋಕೆ ಇಲ್ಲೇನಿದೆ? ಕುಡಿದದ್ದು ಎಮ್ಮೆ! ಹೆಂಗಿತ್ತು ಅಂತ ಅದನ್ನೇ ಕೇಳ್ಕೋ ಹೋಗು!"

ಅಂದವನೇ ರಸ್ತೆಗಿಳಿದು ನಡೆದುಬಿಟ್ಟ.

ಚೌರಿ ಕೊಟ್ಟಿಗೆಗೆ ಹೋದ. ಕೇಳಿದ. ಎಮ್ಮೆ ಬಕೆಟ್ಟು ನೆಕ್ಕಿ, ತಲೆ ಆಡಿಸಿ, ವಾಂಯ್ ಅಂತು. ಅಷ್ಟೇ ಸಾಕಾಯ್ತು ಅವನಿಗೆ. ಎರಡನೇ ಪೂಜೆ ಮುಗಿಸಿ ಬಂದ ಜನವೆಲ್ಲಾ ರಸ್ತೆಯಲ್ಲೇ ನಿಂತಿದ್ದರು. ಅವರ ನಡುವೆ ನುಗ್ಗಿ ಮಾವನ ಹಿಂದೆ ಕೂಗ್ತಾ ಓಡಿದ:

"ಮಾವಾ, ನಿಂತ್ಕೊಳ್ಳಿ! ಎಮ್ಮೆ ಒಪ್ಕೊಂಡಿದೆ! ಮದುವೆ ಯಾವತ್ತು ಇಟ್ಕೊಳ್ಳೋಣ?"