ಮಂಗಳ ಹಾಡದ ಮೇಳ

ಶಿಷ್ಯನೊಬ್ಬ ಗುರುಗಳ ಮುಂದೆ ಕೂತು ಕೇಳಿದ:

"ಗುರುಗಳೆ, ಟೀವಿಯಲ್ಲಿ ಒಂದು ಆಟ ಬರುತ್ತಿದೆ. ಮೈಬಣ್ಣ ನೋಡಿ ಜನರನ್ನು ಎರಡು ಗುಂಪು ಮಾಡಿ, ಒಂದೇ ಮನೆಯಲ್ಲಿ ಕೂಡಿಹಾಕಿ ಜಗಳ ಹಚ್ಚಿದ್ದಾರೆ. ಊರೆಲ್ಲ ಅದನ್ನೇ ನೋಡುತ್ತದೆ. ನಾನೂ ನೋಡುತ್ತೇನೆ. ಜಗಳ ಹಚ್ಚಿದವನು ನಾನಲ್ಲ, ಆಡಿದವನೂ ನಾನಲ್ಲ. ಸುಮ್ಮನೆ ನೋಡಿದವನಿಗೂ ಪಾಪ ತಟ್ಟುತ್ತದೆಯೆ?"

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಹೊಳೆ. ಅದರ ಈ ದಡದ ಊರಿನದು ಎರೆಮಣ್ಣು, ಕಪ್ಪು. ಆ ದಡದ ಊರಿನದು ಮಸಾರಿ ಮಣ್ಣು, ಕೆಂಪು. ಎರೆಯೂರಿನಲ್ಲಿ ಒಬ್ಬ ರೈತನಿದ್ದ. ಲಾವಣಿ ಹಾಡುವುದರಲ್ಲಿ ಎತ್ತಿದ ಕೈ. ಮಸಾರಿಯೂರಿನಲ್ಲಿ ಒಬ್ಬ ನೇಕಾರನಿದ್ದ, ಅವನೂ ಅಷ್ಟೆ. ಇಬ್ಬರೂ ಎದುರುಬದುರು ಮೇಳ ಕಟ್ಟಿಕೊಂಡು ಸವಾಲು ಜವಾಬು ಹಾಡುತ್ತಿದ್ದರು. ಹೆಣ್ಣು ಹೆಚ್ಚು ಎಂದು ಒಬ್ಬ ಹಾಡಿದರೆ, ಗಂಡು ಹೆಚ್ಚು ಎಂದು ಇನ್ನೊಬ್ಬ ಹಾಡುತ್ತಿದ್ದ. ಹಾಡಿನಲ್ಲಿ ಒಬ್ಬರ ಮಾನ ಇನ್ನೊಬ್ಬರು ಹರಾಜು ಹಾಕುತ್ತಿದ್ದರು. ಆದರೆ ಕೊನೆಗೆ ಎರಡೂ ಮೇಳದವರು ಒಂದೇ ಸಾಲಿನಲ್ಲಿ ನಿಂತು ಮಂಗಳ ಹಾಡಬೇಕು, ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಡಬೇಕು. ಅಲ್ಲಿಗೆ ಆಡಿದ ಮಾತೆಲ್ಲ ತೊಳೆದುಹೋದ ಹಾಗೆ. ಇದು ಹಿಂದಿನವರಿಂದ ಬಂದ ಪದ್ಧತಿ. ಹೀಗೆ ಜಗಳಾಡಿ ಜಗಳಾಡಿಯೇ ಇಬ್ಬರೂ ಬೀಗರಾದರು. ರೈತ ತನ್ನ ಒಬ್ಬಳೇ ಮಗಳನ್ನು ನೇಕಾರನ ಮಗನಿಗೆ ಕೊಟ್ಟ.

ಆ ಸೀಮೆಗೆ ಒಬ್ಬ ವ್ಯಾಪಾರಿ ಬಂದ. ಹೊಳೆಯ ಮರಳಿನಲ್ಲಿ ಡೇರೆ ಹಾಕಿ ಇಬ್ಬರನ್ನೂ ಕರೆಸಿ ಹಾಡಿಸಿದ. ಮೊದಮೊದಲು ಜನ ಬಂದರು, ಬರುಬರುತ್ತ ಕಡಿಮೆಯಾದರು. ಹೆಣ್ಣು ಗಂಡಿನ ಸವಾಲು ಅವರಿಗೆ ಬಾಯಿಪಾಠವಾಗಿತ್ತು. ವ್ಯಾಪಾರಿ ಜಾಣ. ಹೆಣ್ಣು ಗಂಡು ಬಿಡಿ, ಎರೆ ಹೆಚ್ಚೋ ಮಸಾರಿ ಹೆಚ್ಚೋ ಅದನ್ನು ಹಾಡಿ ಎಂದ. ಮಂಗಳ ಬೇಡ ಎಂದೂ ಹೇಳಿದ.

ರೈತನಿಗೆ ಅದು ತಪ್ಪಾಗಿ ಕಾಣಲಿಲ್ಲ. ಮಣ್ಣಿನ ಮಾತು ತಾನೆ, ಎರೆಯಲ್ಲಿ ಜೋಳ ಬೆಳೆಯುತ್ತದೆ, ಮಸಾರಿಯಲ್ಲಿ ಶೇಂಗಾ ಬೆಳೆಯುತ್ತದೆ, ಹಾಡಿದರೆ ಏನಾಯಿತು ಎಂದುಕೊಂಡ. ಅವನು ಹಾಡಿದ್ದು ಮಣ್ಣನ್ನೇ. ಡೇರೆಯ ಜನ ಕೇಳಿಸಿಕೊಂಡದ್ದು ಮಾತ್ರ ಮೈಯನ್ನು. ಎರೆಯೂರಿನವರು ಹೆಚ್ಚಾಗಿ ಕಪ್ಪಗಿದ್ದರು, ಮಸಾರಿಯೂರಿನವರು ಕೆಂಪಗಿದ್ದರು. ವ್ಯಾಪಾರಿಗೆ ಬೇಕಾಗಿದ್ದೂ ಅದೇ. ಅವನು ಡೇರೆಯ ನಡುವೆ ಹಗ್ಗ ಕಟ್ಟಿಸಿ, ಕಪ್ಪಗಿದ್ದವರನ್ನು ಈಚೆ, ಕೆಂಪಗಿದ್ದವರನ್ನು ಆಚೆ ಕೂರಿಸಿದ. ಸವಾಲು ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಹಾಡು ನಿಲ್ಲಿಸಿ, "ಗೆದ್ದವರು ಯಾರು? ನಾಳೆ ಬರ್ರಿ, ಹೇಳ್ತೇವಿ!" ಎಂದು ಕೂಗುತ್ತಿದ್ದ. ಡೇರೆ ತುಂಬಿ ಜನ ಹೊರಗೂ ನಿಂತರು. ಹಾಡುವವರಿಗೂ ಹೆಸರು ಬಂತು. ಸುಳ್ಳು ಯಾಕೆ, ರೈತನಿಗೂ ಅದು ಹಿತವಾಗಿಯೇ ಇತ್ತು.

ಒಂದು ದಿನ ರೈತನ ಮಗಳು ಬಟ್ಟೆಯ ಗಂಟು ಹಿಡಿದು ತವರಿಗೆ ಬಂದಳು. ಮಸಾರಿಯೂರಿನ ಬಾವಿಕಟ್ಟೆಯಲ್ಲಿ ಹೆಂಗಸರು ಅವಳ ಕೊಡವನ್ನು ದೂಡಿ, ಕರಿಯವಳು ಮುಟ್ಟಿದರೆ ನೀರು ಕಪ್ಪಾಗುತ್ತದೆ ಎಂದಿದ್ದರು. ಆ ಮಾತನ್ನು ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅವಳ ಗಂಡ ಅಲ್ಲೇ ಇದ್ದ. ಸುಮ್ಮನೆ ನೋಡುತ್ತ ನಿಂತಿದ್ದ.

ರೈತ ನೆಟ್ಟಗೆ ವ್ಯಾಪಾರಿಯ ಹತ್ತಿರ ಹೋದ.

"ಸಾವ್ಕಾರ್ರ, ಇವತ್ತ ಮಂಗಳಾ ಹಾಡಿ ಮುಗಸ್ತೇವ್ರಿ. ನನ್ನ ಮಗಳ ಸಂಸಾರ ಹಾಳಾಗಾಕತ್ತೈತಿ."

ವ್ಯಾಪಾರಿ ಸಿಟ್ಟಾಗಲಿಲ್ಲ. ರೈತನ ಹೆಗಲ ಮೇಲೆ ಕೈ ಇಟ್ಟ.

"ಮಂಗಳಾ ಹಾಡಿದ್ರ ಮಂದಿ ಸಮಾಧಾನದಿಂದ ಮನೀಗೆ ಹೋಗ್ತಾರ. ಸಮಾಧಾನ ಆದಾವ ನಾಳೆ ಯಾಕ ಬರ್ತಾನೋ ತಮ್ಮಾ?"

ಆ ಸಂಜೆ ನೇಕಾರನ ಮೇಳದವರು ಒಂದು ಸವಾಲು ಎಸೆದರು. ದೇವರು ಮೊದಲು ಮಾಡಿದ್ದು ಕಪ್ಪು ಮೈಯನ್ನೋ, ಕೆಂಪು ಮೈಯನ್ನೋ? ಅದು ವ್ಯಾಪಾರಿ ಹೇಳಿಕೊಟ್ಟ ಸವಾಲು. ಹಾಡುವಾಗ ನೇಕಾರ ಬೀಗನ ಮುಖ ನೋಡಲಿಲ್ಲ. ಹಗ್ಗದ ಎರಡೂ ಕಡೆಯ ಜನ ಜವಾಬಿಗಾಗಿ ತುದಿಗಾಲಲ್ಲಿ ನಿಂತರು. ರೈತನಿಗೆ ಜವಾಬು ಗೊತ್ತಿತ್ತು. ಅವನು ಅದನ್ನು ಹಾಡಲಿಲ್ಲ. ದಪ್ಪು ಎತ್ತಿಕೊಂಡು ಬಾರಿಸುತ್ತ ಮಂಗಳದ ಮೊದಲ ಸಾಲು ಹಾಡಿದ.

ಜನಕ್ಕೆ ಮಂಗಳ ಕೇಳಿ ಬಹಳ ಕಾಲವಾಗಿತ್ತು. ಅದನ್ನು ಯಾಕೆ ಹಾಡುತ್ತಾರೆ ಎಂಬುದನ್ನೇ ಮರೆತಿದ್ದರು. ಜವಾಬು ಹೊಳೆಯದೆ ಮಂಗಳ ಎತ್ತಿಕೊಂಡ, ಅಂದರೆ ಸೋತ ಎಂದು ತಿಳಿದರು. ಮೊದಲ ಕಲ್ಲು ಬಂದದ್ದು ಹಗ್ಗದ ಈಚೆಯಿಂದ, ಅವನ ಊರಿನವರ ಕೈಯಿಂದಲೇ. ಎದುರಿಗೆ ನೇಕಾರ ಎರಡನೆಯ ಸಾಲಿಗೆ ಬಾಯಿ ತೆರೆದದ್ದು ರೈತನಿಗೆ ಕಂಡಿತು. ಹಾಡಿದನೋ ಇಲ್ಲವೋ ಗದ್ದಲದಲ್ಲಿ ಕೇಳಿಸಲಿಲ್ಲ.

ರೈತ ಹಣೆಯ ರಕ್ತ ಒರೆಸಿಕೊಳ್ಳುತ್ತ ಹೊರಗೆ ಬಂದ. ಹಿಂದಿನಿಂದ ವ್ಯಾಪಾರಿಯ ದಿನದ ಅದೇ ಕೂಗು ಕೇಳುತ್ತಿತ್ತು. ಮನೆಗೆ ಬಂದು ನೋಡಿದರೆ ಮಗಳು ಗಂಟು ಬಿಚ್ಚದೆ ಹಾಗೇ ಕೂತಿದ್ದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿ ಏಳಲು ಹೊರಟರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಗುರುಗಳೆ, ರೈತನಿಗೆ ಗೊತ್ತಿದ್ದ ಆ ಜವಾಬು ಯಾವುದು? ಮೊದಲು ಮಾಡಿದ್ದು ಕಪ್ಪೋ ಕೆಂಪೋ? ಕೊನೆಗೆ ಗೆದ್ದವರು ಯಾರು?"

ಗುರುಗಳು ಹೇಳಿದರು:

"ನಾಳೆ ಬಾ, ಹೇಳುತ್ತೇನೆ."