ಪಂಚಮದ ಜಾಗದಲ್ಲಿ ಮಧ್ಯಮ

"ಪ್ರಕಾಶಕ ಕರಾರು ಕಳಿಸಿದ್ದಾನೆ. ನನ್ನ ಹಾಡನ್ನು ಯಾರು ಹಾಡಿದರೂ ರಾಯಲ್ಟಿ ಕೊಡುತ್ತಾನಂತೆ. ಅವನು ಮೋಸ ಮಾಡುವುದಿಲ್ಲವೆಂದು ನಂಬುವುದು ಹೇಗೆ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿ ಹೇಳತೊಡಗಿದರು.

ಒಬ್ಬ ವಾಗ್ಗೇಯಕಾರನಿದ್ದ. ಒಂದು ಹಾಡು ಕಟ್ಟಲು ಅವನಿಗೆ ನಾಲ್ಕು ವರ್ಷ ಹಿಡಿಯಿತು. ಪಲ್ಲವಿಯ ಕೊನೆಗೆ ಬರುವ ಪಂಚಮ ಸ್ವರದಲ್ಲಿ ಅದರ ಜೀವವಿತ್ತು. ಒಬ್ಬ ಪ್ರಕಾಶಕ ಅದನ್ನು ಸ್ವರಲಿಪಿಯೊಂದಿಗೆ ಅಚ್ಚು ಹಾಕಲು ಕೇಳಿದ. ಆ ಪುಸ್ತಕದಿಂದ ಕಲಿತು ವೇದಿಕೆಯಲ್ಲಿ ಹಾಡಿದವರಿಂದ ಹಣ ವಸೂಲು ಮಾಡುವುದು ಪ್ರಕಾಶಕನ ಕೆಲಸ. ಬಂದದ್ದರಲ್ಲಿ ಇಬ್ಬರಿಗೂ ಸಮಪಾಲು. ಸ್ವರಲಿಪಿ ಸರಿಯಾಗಿದೆ ಎಂದು ವಾಗ್ಗೇಯಕಾರ ಸಹಿ ಹಾಕಿಕೊಡಬೇಕು.

ಕರಾರನ್ನು ಮೂರು ಸಲ ಓದಿದರೂ ಅವನಿಗೆ ತಪ್ಪು ಸಿಗಲಿಲ್ಲ. ಅದರಿಂದಲೇ ಅನುಮಾನ ಹೆಚ್ಚಿತು. ಪ್ರಕಾಶಕ ಹಣ ನುಂಗಿ, ಹಾಡಿದವರು ಬೇರೆಲ್ಲೋ ಬಾಯಿಪಾಠ ಕಲಿತಿದ್ದರು ಎಂದುಬಿಟ್ಟರೆ? ಅವನು ಪಂಚಮವಿದ್ದ ಜಾಗದಲ್ಲಿ ಮಧ್ಯಮ ಬರೆದ. ಅಲ್ಲಿ ಮಧ್ಯಮ ಹಿಡಿದವರು ಆ ಪುಸ್ತಕದಿಂದ ಕಲಿತವರೇ. ಇನ್ನು ಪ್ರಕಾಶಕನ ಸುಳ್ಳು ನಡೆಯದು. ಹಾಗೆಂದುಕೊಂಡು ಸಹಿ ಹಾಕಿದ.

ಆಮೇಲೆ ಒಂದೊಂದು ಸಂಗೀತ ಕಚೇರಿಗೂ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಮಧ್ಯಮ ಕಿವಿಗೆ ಬಿದ್ದಾಗಲೆಲ್ಲ ಊರು, ತಾರೀಕು ಬರೆದುಕೊಂಡ. ವರ್ಷದ ಕೊನೆಗೆ ಪ್ರಕಾಶಕನ ಪಟ್ಟಿ ಬಂತು. ಅವನು ಬರೆದುಕೊಂಡದ್ದೆಲ್ಲ ಅದರಲ್ಲಿತ್ತು. ಅವನು ಕೇಳದ ಕಚೇರಿಗಳೂ ಇದ್ದವು. ಇಷ್ಟು ತೋರಿಸುವವನು ಎಷ್ಟು ಮುಚ್ಚಿಟ್ಟಿರಬೇಡ ಎಂದುಕೊಂಡು ಮತ್ತೊಂದು ವರ್ಷ ತಿರುಗಿದ.

ಹೀಗೇ ವರ್ಷ ವರ್ಷವೂ ನಡೆದು, ಹತ್ತನೆಯ ವರ್ಷ ಒಂದು ಸಭೆಯಲ್ಲಿ ಅವನನ್ನೇ ಹಾಡಲು ಕೂರಿಸಿದರು. ಅವನು ಆ ಹಾಡನ್ನೇ ಎತ್ತಿಕೊಂಡು ಪಂಚಮಕ್ಕೆ ಬಂದು ನಿಂತ. ಮುಂದಿನ ಸಾಲಿನಲ್ಲಿದ್ದ, ಮಕ್ಕಳಿಗೆ ಸಂಗೀತ ಪಾಠ ಹೇಳುವ ಮುದುಕಿಯೊಬ್ಬಳು ತಾಳ ನಿಲ್ಲಿಸಿದಳು.

"ಅಲ್ಲಿ ಮಧ್ಯಮ ಕಣಪ್ಪ. ನಮ್ಮಲ್ಲಿ ಪಾಠಕ್ಕೆ ಬರುವ ಮಕ್ಕಳೂ ತಪ್ಪುವುದಿಲ್ಲ."

ಸಭೆ ನಕ್ಕಿತು.

ಮರುದಿನವೇ ಅವನು ಪ್ರಕಾಶಕನಲ್ಲಿಗೆ ಹೋಗಿ, ಸ್ವರಲಿಪಿ ತಿದ್ದಬೇಕೆಂದ. ಪ್ರಕಾಶಕ ಹಳೆಯ ಪ್ರತಿಯನ್ನು ಹುಡುಕಿ ತೆಗೆದು ಅವನ ಮುಂದಿಟ್ಟ.

"ಇಲ್ಲಿ ಪಂಚಮವೇ ಇರಬೇಕು ಎಂದು ಇಬ್ಬರು ವಿದ್ವಾಂಸರು ನನ್ನ ಜೊತೆ ಜಗಳಕ್ಕೆ ಬಂದಿದ್ದರು, ಸ್ವಾಮಿ. ನಿಮ್ಮ ಸಹಿ ತೋರಿಸಿ, ಇದಕ್ಕಿಂತ ಸಾಕ್ಷಿ ಬೇಕೇ ಎಂದು ಕೇಳಿ ಕಳಿಸಿದೆ."

ವಾಗ್ಗೇಯಕಾರ ಮಧ್ಯಮ ಬರೆದ ಕಾರಣವನ್ನು ಹೇಳಲಾರದೆ ಎದ್ದು ಬಂದ. ಹಾಡು ಇಂದಿಗೂ ಮಧ್ಯಮದಲ್ಲೇ ನಡೆಯುತ್ತಿದೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಹತ್ತು ವರ್ಷದಲ್ಲಿ ಒಂದು ಸಲವೂ ಮೋಸ ನಡೆಯಲಿಲ್ಲವೇ ಎಂದು ಕೇಳಿದ.

"ನಡೆಯಿತು. ಕರಾರು ಮಾಡಿಕೊಂಡ ಇಬ್ಬರಲ್ಲಿ ಒಬ್ಬ ಮಾಡಿದ. ಅವನಿಗೆ ಹಾಡಲು ಬರುತ್ತಿತ್ತು."